ಪಾನಕವೂ ಮೈರೇಯವೂ: ಪುಲಿಗೆರೆ ನಾಡಿನ ಮಿಶ್ರಪಾನ ವಿಚಾರ

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿಗೆ ಸೇರಿದ ಯಲವಿಗಿಯು ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುಮಾರ್ಗದಲ್ಲಿ ಒಂದು ಸಣ್ಣ ನಿಲ್ದಾಣವಾಗಿರುವುದು. ಇಲ್ಲಿಂದ ಮೂಡಲ ಕಡೆಗೆ ಹೋದರೆ ಲಕ್ಷ್ಮೇಶ್ವರವು ದೊರೆಯುವುದು. ಆ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ. ತನ್ನ ಕನ್ನಡವು ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನು ಹೇಳಿಕೊಂಡ ಊರು. ಪಡುವಲಿಗೆ ಹೋದರೆ ಪಾನುಂಗಲ್ಲು ಐನೂರರ ಮುಖ್ಯಸ್ಥಾನವಾಗಿದ್ದ ಹಾನಗಲ್ಲು. ಹೀಗೆ ಚಾಳುಕ್ಯರ ಎರಡು ಪ್ರಸಿದ್ಧ ನಾಡುಗಳ ನಡುವೆ ಬಿದ್ದಿರುವ ಈ ಊರಿನ ಮನೆಗಳಲ್ಲಿಯೂ, ಕನ್ನಡನಾಡಿನ ಇತರ ಕಡೆಗಳಲ್ಲಿರುವಂತೆ, ಚೈತ್ರಮಾಸದ ರಾಮನವಮಿಗೆ ಬೆಲ್ಲ, ಹುಳಿ, ಏಲಕ್ಕಿ, ಶುಂಠಿ, ಮೆಣಸುಗಳನ್ನು ತಣ್ಣೀರಿನಲ್ಲಿ ಕದಡಿ ಪಾನಕವನ್ನು ಮಾಡುವರು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಈ ಸಾಮಾನ್ಯವಾದ ಪಾನಕದ ಹಿಂದೆ ಒಂದು ಸಂಪೂರ್ಣ ವಿದ್ಯೆಯಿದ್ದಿತೆಂಬುದೂ, ಆ ವಿದ್ಯೆಯು ಒಮ್ಮೆ ಮದ್ಯವನ್ನೂ ಒಳಕೊಂಡಿದ್ದಿತೆಂಬುದೂ ವಿದ್ವಾಂಸರ ಗಮನವನ್ನು ಸಾಕಷ್ಟು ಸೆಳೆದಂತೆ ತೋರುವುದಿಲ್ಲ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಹಲವು ರಸಗಳನ್ನು ಅಳತೆಯರಿತು ಬೆರಸಿ ಮನೆಯಲ್ಲಿ ಅತಿಥಿಗಳಿಗೆ ಕೊಡುವ ಪದ್ಧತಿಯು, ಇಂದು ಕಾಕ್‌ಟೇಲ್ ಎಂದು ಕರೆಯಲ್ಪಡುವುದು, ಕೇವಲ ಪರದೇಶದಿಂದ ಬಂದುದೆಂಬುದು ಒಂದು. ಪಾನಕವೆಂಬುದು ಸಾತ್ವಿಕವಾದ ಗೃಹಕೃತ್ಯ, ಮದ್ಯವೆಂಬುದು ಹೊರಗಿನ ಹೆಂಡಗಾರನ ವೃತ್ತಿ, ಇವೆರಡಕ್ಕೂ ಎಂದೂ ಸಂಬಂಧವಿರಲಿಲ್ಲವೆಂಬುದು ಇನ್ನೊಂದು. ಇವೆರಡೂ ಗ್ರಂಥಪ್ರಮಾಣಕ್ಕೆ ನಿಲ್ಲುವುದಿಲ್ಲ. ಬೆರಸುವಿಕೆಯ ಕಲೆಯು ಒಂದೇ ಆಗಿದ್ದಿತು. ಅದು ನಡೆಯುತ್ತಿದ್ದುದು ಮನೆಯಲ್ಲಿಯೇ. ಶಾಸ್ತ್ರಕಾರರು ಗೆರೆಯೆಳೆದುದು ಬೆರಸುವಲ್ಲಿ ಅಲ್ಲ, ಬೆರಸಿದುದನ್ನು ಮುಚ್ಚಿಟ್ಟು ಹುದುಗುಬರಿಸುವಲ್ಲಿ, ಎಂದರೆ ಸಂಧಾನದಲ್ಲಿ. ಇದನ್ನು ಕ್ರಮವಾಗಿ ವಿಚಾರಿಸತಕ್ಕದ್ದು.

ಮೊದಲನೆಯದಾಗಿ, ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಪಾನಕ-ರಸ-ರಾಗ-ಆಸವ-ಯೋಜನವೆಂಬುದು ಒಂದಾಗಿರುವುದು. ಪಾನಕಕ್ಕೊಂದು ಕಲೆ, ಆಸವಕ್ಕೊಂದು ಕಲೆ ಎಂದು ಅವನು ವಿಂಗಡಿಸಲಿಲ್ಲ. ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿ, ‘ಯೋಜನ’ವೆಂಬ ಒಂದೇ ಕ್ರಿಯೆಗೆ ಒಳಪಡಿಸಿದನು. ಯೋಜನವೆಂದರೆ ಕೂಡಿಸುವಿಕೆ. ಈ ಕಲೆಯು ನಾಗರಕನ ವಿಲಾಸಕ್ಕೆ ಮಾತ್ರ ಸಂಬಂಧಪಟ್ಟುದೆಂದು ಹೇಳುವಂತೆಯೂ ಇಲ್ಲ. ಗೃಹಿಣಿಯ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ, ಉಪ್ಪು ಎಣ್ಣೆಗಳನ್ನು ಕೂಡಿಡುವುದು, ಬೀಜಗಳನ್ನು ಕಾಲಕ್ಕೆ ಬಿತ್ತಿಸುವುದು ಮೊದಲಾದ ಮನೆವಾರ್ತೆಗಳ ನಡುವೆಯೇ, ಸುರೆಯ ಕೊಡಗಳನ್ನೂ ಆಸವದ ಕೊಡಗಳನ್ನೂ ಇರಿಸುವುದು, ಅವುಗಳ ಉಪಯೋಗ, ಕ್ರಯವಿಕ್ರಯ, ಆಯವ್ಯಯಗಳ ಪರೀಕ್ಷೆ ಇವೆಲ್ಲವೂ ಅವಳಿಗೇ ಒಪ್ಪಿಸಲ್ಪಟ್ಟಿವೆ. ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ಆಸವದ ಕೊಡವೂ ಇದ್ದ ಅಡಿಗೆಮನೆಯು ವಾತ್ಸ್ಯಾಯನನಿಗೆ ಆಶ್ಚರ್ಯವನ್ನುಂಟುಮಾಡಲಿಲ್ಲ.

ಎರಡನೆಯ ಪ್ರಮಾಣವು ಕೌಟಿಲ್ಯನದು. ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದುದು ಸುವಿದಿತವಾಗಿದೆ. ಅದರ ಅಧ್ಯಕ್ಷಪ್ರಚಾರದಲ್ಲಿರುವ ಸುರಾಧ್ಯಕ್ಷ ಪ್ರಕರಣವನ್ನು ರಾಜ್ಯಶಾಸ್ತ್ರಜ್ಞರು ತೆರಿಗೆಯ ದೃಷ್ಟಿಯಿಂದ ಓದಿರುವರೇ ಹೊರತು ಪಾಕದ ದೃಷ್ಟಿಯಿಂದ ಓದಿದುದು ಕಡಮೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಬಗೆಗಳನ್ನು ಅಲ್ಲಿ ಹೇಳಿ, ಒಂದೊಂದಕ್ಕೂ ಕೂಡಿಸಬೇಕಾದ ದ್ರವ್ಯಗಳನ್ನು ಕೊಟ್ಟಿದೆ. ಆಸವದ ಯೋಗವು ಪ್ರಕೃತಕ್ಕೆ ಬಹಳ ಮುಖ್ಯವಾದುದು. ಕಪಿತ್ಥವು 1 ತುಲಾ, ಫಾಣಿತವು 5 ತುಲಾ, ಜೇನು 1 ಪ್ರಸ್ಥ. ತುಲಾ ಎಂದರೆ 100 ಪಲ. ಕಪಿತ್ಥವನ್ನು ಕಾಲುಭಾಗ ಹೆಚ್ಚಿಸಿದರೆ ಉತ್ತಮ, ಕಾಲುಭಾಗ ತಗ್ಗಿಸಿದರೆ ಕನಿಷ್ಠ.

ಕಪಿತ್ಥವೆಂದರೆ ಬೇಲದ ಹಣ್ಣು. ಫಾಣಿತವೆಂದರೆ ಗಟ್ಟಿಯಾಗುವುದಕ್ಕೆ ಮುಂಚೆ ಇಳಿಸಿದ ಕಬ್ಬಿನ ಪಾಕ, ಜೋನಿಬೆಲ್ಲವೆಂದು ಒಕ್ಕಲಿಗರು ಹೇಳುವಂಥದು. ಬೇಲದ ಹಣ್ಣಿನ ತಿರುಳನ್ನು ಬೆಲ್ಲದೊಡನೆ ಕಿವಿಚಿ ನೀರು ಬೆರಸಿದರೆ ಅದು ರಾಮನವಮಿಯ ಪಾನಕ! ಕನ್ನಡನಾಡಿನ ಅನೇಕ ಕಡೆಗಳಲ್ಲಿ ಆ ದಿನ ಬೇಲದ ಹಣ್ಣಿನ ಪಾನಕವೇ ವಿಹಿತವಾಗಿರುವುದು. ಎಂದ ಮೇಲೆ ಕೌಟಿಲ್ಯನ ಆಸವಕ್ಕೂ ದೇವರ ನೈವೇದ್ಯದ ಪಾನಕಕ್ಕೂ ಮೂಲದ್ರವ್ಯಗಳು ಒಂದೇ. ಬೆಳಗ್ಗೆ ಕಲಸಿ ಮಧ್ಯಾಹ್ನಕ್ಕೆ ಹಂಚಿದರೆ ಪಾನಕ. ಅದನ್ನೇ ಕೊಡದಲ್ಲಿ ತುಂಬಿ ಬಾಯಿಕಟ್ಟಿ ದಿನಗಟ್ಟಲೆ ಇಟ್ಟರೆ ಆಸವ. ಭೇದವು ವಸ್ತುವಿನಲ್ಲಿಲ್ಲ, ಕೈಯಲ್ಲಿಲ್ಲ. ಕಾಲದಲ್ಲಿ ಮಾತ್ರ ಇರುವುದು. ಈ ಪ್ರಬಂಧದ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ.

ಅದೇ ಪ್ರಕರಣದ ಕೊನೆಯಲ್ಲಿ ಇನ್ನೊಂದು ಮಾತುಂಟು. ಸುರೆಯ ವ್ಯಾಪಾರವನ್ನೆಲ್ಲ ರಾಜನ ಅಧೀನದಲ್ಲಿರಿಸಿ, ಎಲ್ಲೆಂದರಲ್ಲಿ ಮಾಡುವವರಿಗೆ ದಂಡವನ್ನು ವಿಧಿಸಿದ ಕೌಟಿಲ್ಯನು, ಕುಟುಂಬಿಗಳಿಗೆ ಮಾತ್ರ ಒಂದು ಅವಕಾಶವನ್ನು ಉಳಿಸಿರುವನು. ಮನೆಯ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಅಥವಾ ಬೇರೊಂದನ್ನೂ ಅವರು ತಾವೇ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳ ಕಾಲದಲ್ಲಿ 4 ದಿನಗಳ ಅನುಮತಿಯುಂಟು. ದಯೆಯಿಂದ ಬರೆದ ಗ್ರಂಥವಲ್ಲ ಅರ್ಥಶಾಸ್ತ್ರ. ಮನೆಯೊಳಗಿನ ಈ ರೂಢಿಯನ್ನು ರಾಜಪುರುಷರು ತಡೆಯಲಾರರೆಂಬುದನ್ನು ತಿಳಿದೇ ಅವನು ಹೀಗೆ ಹೇಳಿರಬೇಕು.

ಇನ್ನು ಮೈರೇಯ ಶಬ್ದವನ್ನು ನೋಡಬಹುದು. ಪಾಣಿನಿಯು ಸ್ವರಪ್ರಕರಣದಲ್ಲಿ, ಮೈರೇಯ ಶಬ್ದವು ಉತ್ತರಪದವಾಗಿರುವಾಗ ಪೂರ್ವಪದವಾಗಿ ಬರುವ ‘ಅಂಗ’ವಾಚಕಗಳಿಗೆ ಆದ್ಯುದಾತ್ತವನ್ನು ವಿಧಿಸಿರುವನು (6.2.70). ಗುಡಮೈರೇಯ, ಮಧುಮೈರೇಯ ಎಂಬುವು ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳು. ವ್ಯಾಕರಣದ ಒಂದು ಸೂತ್ರವನ್ನು ಇದಕ್ಕಾಗಿಯೇ ಮೀಸಲಿಡಬೇಕಾದರೆ, ಯಾವ ಮೈರೇಯದಲ್ಲಿ ಯಾವ ಅಂಗವು ಸೇರಿದೆಯೆಂದು ಹೆಸರಿಸುವ ಪದ್ಧತಿಯು ಶಿಷ್ಟರ ಮಾತಿನಲ್ಲಿ ಎಷ್ಟು ರೂಢವಾಗಿದ್ದಿರಬೇಕು! ಕೌಟಿಲ್ಯನ ಮೈರೇಯಕ್ಕೆ ಮೇಷಶೃಂಗಿಯ ತೊಗಟೆಯ ಕಷಾಯ, ಬೆಲ್ಲ, ಹಿಪ್ಪಲಿ, ಮೆಣಸುಗಳು ಅಂಗಗಳು. ವೈದ್ಯಗ್ರಂಥಗಳ ಸಂಪ್ರದಾಯದಲ್ಲಿ ಮೈರೇಯಕ್ಕೆ ಬೇರೆ ಲಕ್ಷಣವೂ ಉಂಟು. ಆಸವವನ್ನೂ ಸುರೆಯನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿ ಸಂಧಾನಮಾಡಿದುದೇ ಮೈರೇಯ, ಅದು ಉಭಯಾತ್ಮಕವಾದುದು. ಎರಡು ಮದ್ಯಗಳ ಮಿಶ್ರಣಕ್ಕೆ ಪ್ರತ್ಯೇಕವಾದ ಹೆಸರೂ ಲಕ್ಷಣವಾಕ್ಯವೂ ಇದ್ದ ಭಾಷೆಯಲ್ಲಿ, ಮಿಶ್ರಪಾನವು ಪರದೇಶದ್ದೆಂದು ಹೇಳುವವರು ಮೊದಲು ಕೋಶವನ್ನಾದರೂ ತೆರೆದು ನೋಡತಕ್ಕದ್ದು.

ಮದ್ಯವಿಲ್ಲದ ಮಿಶ್ರಪಾನಗಳಾದರೋ ಗೃಹ್ಯಕರ್ಮಗಳಲ್ಲಿಯೇ ಸೇರಿಹೋಗಿವೆ. ಮನೆಗೆ ಬಂದ ಆಚಾರ್ಯ, ರಾಜ, ಸ್ನಾತಕ ಮೊದಲಾದವರಿಗೆ ಕೊಡುವ ಮಧುಪರ್ಕದಲ್ಲಿ ಮೊಸರಿಗೆ ಜೇನನ್ನು ಬೆರಸುವುದು, ಜೇನಿಲ್ಲದಿದ್ದರೆ ತುಪ್ಪ. ಸ್ವೀಕರಿಸುವವನು ಅದನ್ನು ಉಂಗುರಬೆರಳಿನಿಂದ ಮೂರು ಸಲ ಕದಡಬೇಕೆಂಬ ವಿಧಿಯೂ ಉಂಟು. ಸುಶ್ರುತನು ವಿಷಮಜ್ವರಕ್ಕೆ ಹೇಳಿದ ಪಂಚಸಾರವು ಕಾಯಿಸಿದ ಹಾಲು, ಸಕ್ಕರೆ, ಹಿಪ್ಪಲಿ, ಜೇನು, ತುಪ್ಪ ಈ ಐದನ್ನೂ ಕಡೆದು ಮಾಡತಕ್ಕದ್ದು. ಐದೆಂಬ ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ವಿಚಾರವು ಬರುವುದು.

ಹಾಗಾದರೆ ನಿಷೇಧವು ಎಲ್ಲಿ ಆರಂಭವಾಯಿತು? ಹುಳಿತುದೆಲ್ಲವೂ ನಿಷಿದ್ಧವೆಂದು ಹೇಳಿದರೆ ಮೊಸರೇ ಉಳಿಯುವುದಿಲ್ಲ. ಈ ತೊಡಕನ್ನು ಮನುವು ಕಂಡಿದ್ದನು. ಶುಕ್ತಗಳನ್ನು, ಎಂದರೆ ಇಟ್ಟು ಹುಳಿತ ಪದಾರ್ಥಗಳನ್ನು ವರ್ಜಿಸುವಾಗ, ಮೊಸರನ್ನೂ ಮೊಸರಿನಿಂದಾದುವನ್ನೂ, ಒಳ್ಳೆಯ ಹೂವು ಬೇರು ಹಣ್ಣುಗಳಿಂದ ಸಂಧಾನಮಾಡಿದುವನ್ನೂ ಅವನು ಪ್ರತ್ಯೇಕವಾಗಿ ಬಿಟ್ಟುಕೊಟ್ಟಿರುವನು. ಧಾರವಾಡ ಹಾವೇರಿ ಸೀಮೆಯ ಜೋಳದ ಅಂಬಲಿಯು ಈ ವಿನಾಯಿತಿಗೂ ಸೇರತಕ್ಕುದಲ್ಲ. ಧಾನ್ಯದ ಹಿಟ್ಟನ್ನು ರಾತ್ರಿಯೆಲ್ಲ ಹುಳಿಯಿಟ್ಟು ಮಾಡುವಂಥದು ಅದು. ಆದರೂ ಅದನ್ನು ಕುಡಿಯದ ಒಕ್ಕಲು ಆ ಸೀಮೆಯಲ್ಲಿಲ್ಲ. ಆಚಾರವು ಸ್ಮೃತಿಗಿಂತ ಸ್ವಲ್ಪ ಮುಂದೆಯೇ ನಡೆದಿರುವುದು.

ಜೈನರ ಶ್ರಾವಕಾಚಾರಗ್ರಂಥಗಳು ಈ ಗೆರೆಯನ್ನು ಇನ್ನೂ ಬಿಗಿಯಾಗಿ ಎಳೆದಿವೆ. ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿ ಸೇರಿದುದು. ಜೇನೂ ಅಲ್ಲಿ ವರ್ಜ್ಯವೆಂಬುದನ್ನು ಗಮನಿಸಬೇಕು. 13ನೆಯ ಶತಮಾನದ ಆಶಾಧರನು ಸಾಗಾರಧರ್ಮಾಮೃತದಲ್ಲಿ ಸಂಧಾನಗಳೆಲ್ಲವನ್ನೂ, ಎರಡು ದಿನ ಉಳಿದ ಮೊಸರುಮಜ್ಜಿಗೆಗಳನ್ನೂ, ಬೂಷ್ಟು ಹಿಡಿದ ಕಾಂಜಿಯನ್ನೂ ಬಿಡಬೇಕೆಂದು ಹೇಳಿ, ಬಿಡದಿದ್ದರೆ ಅದು ಮದ್ಯತ್ಯಾಗವ್ರತಕ್ಕೇ ಕಳಂಕವೆಂದಿರುವನು. ಮಜ್ಜಿಗೆಯನ್ನು ಮದ್ಯದ ಲೆಕ್ಕದಲ್ಲಿ ಹಿಡಿದುದು ಅತಿಯೆಂದು ತೋರಬಹುದು. ಆದರೆ ಅವನ ನೋಟವು ಸ್ಪಷ್ಟವಾಗಿರುವುದು. ಬೆರಸುವುದರಲ್ಲಿ ದೋಷವಿಲ್ಲ, ಇಟ್ಟು ಜೀವೋತ್ಪತ್ತಿಗೆ ಎಡೆಗೊಡುವುದರಲ್ಲಿ ದೋಷವಿದೆ. ಹುದುಗು ಒಂದು ಜೀವಕ್ರಿಯೆಯೆಂಬುದನ್ನು ಐರೋಪ್ಯರಲ್ಲಿ ಲೂಯಿ ಪಾಶ್ಚರನು ಪ್ರಯೋಗದಿಂದ ತೋರಿಸಿದುದು 1857ರ ಅನಂತರ.

ವೈದಿಕರ ಪಕ್ಷದಲ್ಲಿ ನಿರ್ಣಯವನ್ನು ಮಾಡಿದ ಗ್ರಂಥವು ಕನ್ನಡನಾಡಿನದೇ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಪ್ರಾಯಶ್ಚಿತ್ತಕಾಂಡದಲ್ಲಿ ಅವನು ಪುಲಸ್ತ್ಯನನ್ನು ಉದಾಹರಿಸಿ, ಹಲಸು, ದ್ರಾಕ್ಷಿ, ಹಿಪ್ಪೆ, ಖರ್ಜೂರ, ತಾಳೆ, ಕಬ್ಬು, ಜೇನು, ತೆಂಗು ಇವುಗಳಿಂದಾದುವು, ಸೈರ, ಅರಿಷ್ಟ, ಮೈರೇಯ ಎಂದು 11 ಮದ್ಯಗಳನ್ನು ಎಣಿಸಿ, 12ನೆಯದಾದ ಸುರೆಯನ್ನು ಎಲ್ಲಕ್ಕೂ ಅಧಮವೆಂದು ಬೇರೆ ನಿಲ್ಲಿಸಿರುವನು. ಅವನ ಮತದಲ್ಲಿ ಮುಖ್ಯವಾದ ಸುರೆಯೆಂದರೆ ಪೈಷ್ಟಿ, ಹಿಟ್ಟಿನಿಂದಾದುದು. ಅದು ಮೂರು ವರ್ಣಗಳಿಗೂ ನಿಷಿದ್ಧ. ಬೆಲ್ಲದ ಗೌಡಿಯೂ ಹೂವು ಜೇನುಗಳ ಮಾಧ್ವಿಯೂ ಬ್ರಾಹ್ಮಣನಿಗೆ ನಿಷಿದ್ಧವಾದರೂ ಕ್ಷತ್ರಿಯವೈಶ್ಯರಿಗೆ ನಿಷಿದ್ಧವಲ್ಲ. ಇಂದಿನವರಿಗೆ ಈ ವರ್ಣಭೇದವು ರುಚಿಸಲಾರದು. ಚರಿತ್ರೆಯ ದೃಷ್ಟಿಯಿಂದಲಾದರೋ ಒಂದು ಸಂಗತಿಯು ಸಿದ್ಧಿಸುವುದು. ಆ ಕಾಲದ ಕಲ್ಯಾಣದಲ್ಲಿ ಹಣ್ಣುಬೆಲ್ಲಗಳ ಮದ್ಯವು ಅರಸನ ಮನೆಯಲ್ಲಿಯೂ ಸೆಟ್ಟಿಯ ಮನೆಯಲ್ಲಿಯೂ ಶಾಸ್ತ್ರವಿರುದ್ಧವಾಗಿರಲಿಲ್ಲ.

ಆ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. ಪುಲಿಗೆರೆ, ಪಾನುಂಗಲ್ಲು, ಬನವಾಸಿಗಳೆಲ್ಲ ಇವನ ಆಳ್ವಿಕೆಗೆ ಒಳಪಟ್ಟಿದ್ದುವು. ಇವನ ಮಾನಸೋಲ್ಲಾಸವು, ನಾಮಾಂತರದಿಂದ ಅಭಿಲಷಿತಾರ್ಥಚಿಂತಾಮಣಿಯು, ಶಕವರ್ಷ 1051ರಲ್ಲಿ, ಎಂದರೆ 1129ರಲ್ಲಿ ರಚಿತವಾದುದು. 5 ವಿಂಶತಿಗಳಲ್ಲಿ 100 ಅಧ್ಯಾಯಗಳು. ಇದರಲ್ಲಿರುವ ಅನ್ನಭೋಗವನ್ನು ಕುರಿತು ಅನೇಕರು ಬರೆದಿರುವರು. ಇಡ್ಲಿಯ ಪೂರ್ವರೂಪವು ಅಲ್ಲಿದೆಯೆಂದೋ, ಇಲಿಯ ಮಾಂಸವು ಅಲ್ಲಿದೆಯೆಂದೋ ಸಭೆಗಳಲ್ಲಿ ಹೇಳುವುದು ಈಗ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಪಾನಗಳನ್ನು ಅರಸನು ಎಲ್ಲೆಲ್ಲಿ ಇರಿಸಿದನೆಂಬುದನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ಮೂರನೆಯ ವಿಂಶತಿಯು ಉಪಭೋಗಗಳದು. ಮನೆ, ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ ಮೊದಲಾದುವಾದ ಮೇಲೆ ಅನ್ನಭೋಗವೂ ಅದಕ್ಕೆ ಅಂಟಿಕೊಂಡು ಪಾನೀಯಭೋಗವೂ ಬರುವುವು. ಅಲ್ಲಿ ಮಳೆಯ ನೀರು, ಹೊಳೆಯ ನೀರು, ಕೆರೆಬಾವಿಗಳ ನೀರು ಎಂದು ವಿಂಗಡಿಸಿ, ಯಾವ ಋತುವಿಗೆ ಯಾವುದು ಹಿತವೆಂದು ಹೇಳಿ, ಪಾದರಿಯೇ ಮೊದಲಾದ ಹೂಗಳಿಂದಲೂ ಸುಗಂಧದ್ರವ್ಯಗಳಿಂದಲೂ ನೀರನ್ನು ವಾಸನೆಗಟ್ಟುವ ಕ್ರಮವನ್ನು ವಿವರಿಸಿದೆ. ಪಾನಕವನ್ನು ಮಾಡುವ ಬಗೆಯೊಂದು ಗಮನಾರ್ಹವಾಗಿರುವುದು. ಕಾಯಿಸಿದ ಹಾಲನ್ನು ಹುಳಿಯಿಂದ ಒಡೆಯಿಸಿ, ಬಟ್ಟೆಯಲ್ಲಿ ಸೋಸಿ, ಆ ತಿಳಿಗೆ ಸಕ್ಕರೆ ಏಲಕ್ಕಿಗಳನ್ನು ಕೂಡಿಸುವುದು. ಒಡೆದ ಹಾಲನ್ನು ಅಶುಭವೆಂದು ಚೆಲ್ಲುವ ಗೃಹಿಣಿಯರಿಗೆ ಅರಸನ ಈ ಪಾನಕವು ಒಪ್ಪಿಗೆಯಾಗುವುದೋ ಇಲ್ಲವೋ ತಿಳಿಯದು. ಆದರೆ ಹುಳಿ ಹಾಕಿ ಹಾಲನ್ನು ಒಡೆಯಿಸಿ ಸೋಸಿದರೆ ಪಾನವು ಕನ್ನಡಿಯಂತೆ ತಿಳಿಯಾಗುವುದೆಂಬ ಈ ಉಪಾಯವನ್ನು, ಹಾಲಿನ ಪಂಚ್ ಎಂಬ ಹೆಸರಿನಿಂದ, ಇಂಗ್ಲೆಂಡಿನವರು 18ನೆಯ ಶತಮಾನದಲ್ಲಿ ತಮ್ಮ ಪಾಕಪುಸ್ತಕಗಳಲ್ಲಿ ಬರೆದುಕೊಂಡಿರುವರು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರಿಂದ ಸಾಧಿಸಲಾಗದು. ಉಪಾಯವು ಒಂದೇ ಎಂದಷ್ಟೇ ಹೇಳಬಹುದು.

ಮದಿರೆಯು ಈ ಮೂರನೆಯ ವಿಂಶತಿಯಲ್ಲಿಲ್ಲ. ಅದನ್ನು ಹುಡುಕಬೇಕಾದರೆ ಐದನೆಯದಾದ ಕ್ರೀಡಾವಿಂಶತಿಗೆ ಹೋಗಬೇಕು. ಉಯ್ಯಾಲೆ, ಜಲಕ್ರೀಡೆ, ಬೆಳದಿಂಗಳ ಕ್ರೀಡೆಗಳ ಸಾಲಿನಲ್ಲಿ, ಪ್ರಹೇಳಿಕೆ ಚದುರಂಗಗಳಿಗೆ ಮುಂಚೆ, ಮದಿರಾಪಾನಕ್ರೀಡೆಯು ಬರುವುದು. ದ್ರಾಕ್ಷಿ, ಕಬ್ಬು, ತಾಳೆ, ತೆಂಗು ಮೊದಲಾದುವುಗಳ ಮದ್ಯಗಳು ಅಲ್ಲಿ ಹೇಳಲ್ಪಟ್ಟಿವೆ. ಪಾನೀಯವು ಭೋಗ, ಮದಿರೆಯು ಕ್ರೀಡೆ. ಒಂದು ನಿತ್ಯ, ಇನ್ನೊಂದು ನೈಮಿತ್ತಿಕ. ದ್ರವ್ಯಗಳು ಬಹುಮಟ್ಟಿಗೆ ಒಂದೇ ಆಗಿದ್ದರೂ ಸ್ಥಾನಗಳು ಬೇರೆಯಾದುವು. ವಾತ್ಸ್ಯಾಯನನು ಒಂದೇ ಸಮಾಸದಲ್ಲಿ ಕಟ್ಟಿದುದನ್ನು ಸೋಮೇಶ್ವರನು ಎರಡು ವಿಂಶತಿಗಳಾಚೆ ಬೇರ್ಪಡಿಸಿದನು. ತಂದೆಯ ಆಸ್ಥಾನದಲ್ಲಿ ಹುಟ್ಟಿದ ಮಿತಾಕ್ಷರೆಯ ವಿವೇಚನೆಯು ಮಗನ ಗ್ರಂಥದ ಅಧ್ಯಾಯಕ್ರಮದಲ್ಲಿ ಹೀಗೆ ಕೆಲಸಮಾಡಿರಬಹುದೆಂದು ಊಹಿಸುವುದು ಅಯುಕ್ತವಾಗಲಾರದು. ನಿಷೇಧಿಸಲಿಲ್ಲ, ಊಟದ ಎಲೆಯಿಂದ ಎಬ್ಬಿಸಿ ಆಟದ ಅಂಗಳದಲ್ಲಿ ಕುಳ್ಳಿರಿಸಿದನು.

ಕನ್ನಡ ಕಾವ್ಯಗಳಲ್ಲಿಯೂ ಇದೇ ವಿಭಾಗವು ತೋರುವುದು. 10ನೆಯ ಶತಮಾನದ ಪಂಪನು ವಿಕ್ರಮಾರ್ಜುನವಿಜಯದ 4ನೆಯ ಆಶ್ವಾಸದಲ್ಲಿ, ಸುಭದ್ರೆಗಾಗಿ ಬೆಂದ ಅರ್ಜುನನು ದ್ವಾರಕೆಯ ಸೂಳೆಗೇರಿಯಲ್ಲಿ ಸುತ್ತುವಾಗ ಕಂಡ ಪಾನಗೋಷ್ಠಿಯನ್ನು ವರ್ಣಿಸಿರುವನು. ಮಧುದೇವತೆಗಳನ್ನು ಅರ್ಚಿಸಿ ಕುಡಿಯಲಾರಂಭಿಸುವುದು, ಕುಡಿದವರ ಮಾತು ಕೆಡುವುದು, ಎಲ್ಲವೂ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. ಮದ್ಯದೊಡನೆ ನಂಜಿಕೊಳ್ಳುವ ಪದಾರ್ಥಕ್ಕೆ ಹಳಗನ್ನಡದಲ್ಲಿ ಚಕ್ಕಣವೆಂಬ ಪ್ರತ್ಯೇಕ ಶಬ್ದವೇ ಇದ್ದಿತು. ಆದರೆ ಈ ಗೋಷ್ಠಿಯು ಕೇರಿಯದು, ಮನೆಯದಲ್ಲ. ಜೈನನಾದ ಪಂಪನು ಅದನ್ನು ಎಲ್ಲಿ ಇರಿಸಬೇಕೆಂಬುದನ್ನು ಬಲ್ಲನು. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನು ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದಿರುವನು. ಅವನ ಹೆಸರಿಗೆ ಅಂಟಿದ ವೃತ್ತಿಯು ಆ ವೇಳೆಗೆ ಹೆಂಡವು ಮನೆಯಿಂದ ಹೊರಬಿದ್ದು ಮಾರುವವನ ಪಾಲಾಗಿದ್ದುದನ್ನು ಸೂಚಿಸುವುದು.

ಪಾನಕವಾದರೋ ಮನೆಯೊಳಗೆ ಬೆಳೆಯುತ್ತ ಬಂದಿತು. ಸುಮಾರು 1025ರಲ್ಲಿ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿ, ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಸೂಪಶಾಸ್ತ್ರವೂ ಗಂಧಶಾಸ್ತ್ರವೂ ಜೊತೆಜೊತೆಯಾಗಿವೆ. ಸುಮಾರು 1508ರಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ ಸೂಪಶಾಸ್ತ್ರದಲ್ಲಿ ಪಿಷ್ಟಪಾಕದ ಅನಂತರ ಪಾನಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿರಿಸಿರುವನು. ಜೈನನಾದ ಈ ಪಾಳೆಯಗಾರನು ಮದ್ಯದ ಮಾತನ್ನೆತ್ತದೆ, ಹಣ್ಣು, ಸಕ್ಕರೆ, ಸುಗಂಧಗಳಿಂದಲೇ ಅಧ್ಯಾಯವನ್ನು ತುಂಬುವಷ್ಟು ವೈವಿಧ್ಯವನ್ನು ಕಂಡನು. ಹಿರೇಕೆರೂರಿನ ತೆಂಕಲಿಗೆ ಬಹಳ ದೂರವಲ್ಲದ ಕೆಳದಿಯ ಬಸವರಾಜನು 18ನೆಯ ಶತಮಾನದ ಆದಿಯಲ್ಲಿ ಸಂಸ್ಕೃತದಲ್ಲಿ ಬರೆದ ಶಿವತತ್ತ್ವರತ್ನಾಕರದಲ್ಲಿಯೂ ಪಾಕವಿದ್ಯೆಗೆ ಎಡೆಯುಂಟು. ಸೋಮೇಶ್ವರನಿಂದ ಬಸವರಾಜನವರೆಗೆ ಸುಮಾರು 600 ವರ್ಷ ಅರಸರೇ ಲೇಖನಿ ಹಿಡಿದು ಅಡಿಗೆಯನ್ನು ಬರೆದ ನಾಡು ಇದು.

ಈಗ ಪಂಚ್ ಎಂಬ ಪಾನದ ವಿಚಾರ. ಇಂಗ್ಲಿಷ್ ಕಂಪನಿಯ ನೌಕರರ ಪತ್ರವೊಂದರಲ್ಲಿ 1632ರಲ್ಲಿಯೇ ಈ ಶಬ್ದವು ಕಾಣಿಸಿಕೊಳ್ಳುವುದು. 1638ರಲ್ಲಿ ಸೂರತಿಗೆ ಬಂದ ಮಾಂಡೆಲ್‌ಸ್ಲೊ ಎಂಬ ಜರ್ಮನ್ ಪ್ರವಾಸಿಯು, ಅಲ್ಲಿಯ ಇಂಗ್ಲಿಷರು ಸಾರಾಯಿ, ಪನ್ನೀರು, ನಿಂಬೆಯ ಜಾತಿಯ ಹಣ್ಣಿನ ರಸ, ಸಕ್ಕರೆಗಳನ್ನು ಬೆರಸಿ ಕುಡಿಯುತ್ತಿದ್ದುದನ್ನು ಬರೆದಿರುವನು. ಬಂಗಾಳದಲ್ಲಿ ಬೆರ್ನಿಯೆಯು ಕಂಡುದು ಬೆಲ್ಲದ ಸಾರಾಯಿ, ನಿಂಬೆರಸ, ನೀರು, ಸ್ವಲ್ಪ ಜಾಜಿಕಾಯಿ. 1670ರ ದಶಕದಲ್ಲಿ ಗೋವೆ ಕಾರವಾರಗಳ ತೀರದಲ್ಲಿ ಸಂಚರಿಸಿದ ಜಾನ್ ಫ್ರಾಯರನು, ಗೋವೆಯ ನೆರೂಲಿನಲ್ಲಿ ಒಳ್ಳೆಯ ಸಾರಾಯಿಯಾಗುವುದೆಂದೂ, ಈ ತೀರದ ಇಂಗ್ಲಿಷರು ಅದರಿಂದ ಪಂಚನ್ನು ಮಾಡುವರೆಂದೂ, ಐದು ದ್ರವ್ಯಗಳಿರುವುದರಿಂದ ಹಿಂದುಸ್ತಾನದ ‘ಐದು’ ಎಂಬ ಶಬ್ದವೇ ಅದರ ಹೆಸರಾಯಿತೆಂದೂ ಹೇಳುವನು.

ಈ ವ್ಯುತ್ಪತ್ತಿಯು ಬಹಳ ಜನಪ್ರಿಯವಾಗಿದೆ. ಪಂಚಸಾರ ಪಂಚಾಮೃತಗಳನ್ನು ಬಲ್ಲವರಿಗೆ ಹಿತವಾಗಿಯೂ ಇದೆ. ಆದರೆ ಹಿತವಾದುದೆಲ್ಲವೂ ಸಿದ್ಧಾಂತವಾಗುವುದಿಲ್ಲ. ಮಾಂಡೆಲ್‌ಸ್ಲೊ ಎಣಿಸಿದುವು ನಾಲ್ಕು, ಬೆರ್ನಿಯೆಯು ಎಣಿಸಿದುವೂ ನಾಲ್ಕು. ನಾವಿಕರು ಮದ್ಯವನ್ನು ತುಂಬುತ್ತಿದ್ದ ಪೀಪಾಯಿಯ ಇಂಗ್ಲಿಷ್ ಹೆಸರಿನಿಂದ ಈ ಶಬ್ದವು ಬಂದಿರಬಹುದೆಂಬ ಪಕ್ಷವೂ ಉಂಟು. ಹೆಸರಿನ ಜಗಳವನ್ನು ಬದಿಗಿಟ್ಟು ವಸ್ತುವನ್ನು ನೋಡುವುದು ಮೇಲು. ಆ ಪಂಚಿನಿಂದ ಸಾರಾಯಿಯೊಂದನ್ನು ತೆಗೆದುಬಿಟ್ಟರೆ ಉಳಿಯುವುದು ನಿಂಬೆ, ಸಕ್ಕರೆ, ನೀರು, ಸುಗಂಧದ್ರವ್ಯ. ಎಂದರೆ ಯಲವಿಗಿಯ ಮದುವೆಯ ಚಪ್ಪರದಲ್ಲಿ ಬೀಗರಿಗೆ ಕೊಡುವ ನಿಂಬೆಯ ಪಾನಕ. ಭಟ್ಟಿಯಿಳಿಸಿದ ತೀಕ್ಷ್ಣವಾದ ಸಾರಾಯಿಯನ್ನು ಬರಿದೇ ಕುಡಿಯಲಾರದ ಪರದೇಶಿಯರಿಗೆ ಈ ದೇಶದಲ್ಲಿ ಸಿದ್ಧವಾಗಿಯೇ ಸಿಕ್ಕಿದುದು ಪಾನಕದ ಚೌಕಟ್ಟು. ಅವರು ಅದರೊಳಗೆ ಸಾರಾಯಿಯನ್ನು ಹೊಯ್ದರು, ಅಷ್ಟೆ.

ಆ ಪಂಚು ಹಡಗುಗಳಲ್ಲಿ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಯಿತು. ಕಾಕ್‌ಟೇಲ್ ಶಬ್ದಕ್ಕೆ ಅಚ್ಚಿನಲ್ಲಿ ದೊರೆಯುವ ಮೊದಲ ಲಕ್ಷಣವಾಕ್ಯವು 1806ನೆಯ ಮೇ 13ರಂದು ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಊರಿನ ಪತ್ರಿಕೆಯೊಂದರಲ್ಲಿ ಬಂದುದು: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಕಹಿಕಷಾಯ ಇವುಗಳ ಮಿಶ್ರಣವೇ ಅದು. ಬೆಲ್ಲ ಹಿಪ್ಪಲಿ ಮೆಣಸುಗಳೊಡನೆ ತೊಗಟೆಯ ಕಷಾಯವನ್ನು ಕೂಡಿಸಿದ ಕೌಟಿಲ್ಯನ ಮೈರೇಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂಗಸಾಮ್ಯವು ಸ್ಪಷ್ಟವಾಗುವುದು. ಅನುಕರಣವೆಂದು ಹೇಳುವುದಕ್ಕೆ ಮಾತ್ರ ಆಧಾರವಿಲ್ಲ. 1862ರಲ್ಲಿ ಜೆರ್ರಿ ಥಾಮಸ್ ಎಂಬವನು ನ್ಯೂಯಾರ್ಕಿನಲ್ಲಿ ಮಿಶ್ರಪಾನಗಳ ಪುಸ್ತಕವನ್ನು ಅಚ್ಚುಹಾಕಿಸಿದಾಗಲೂ ಪಂಚುಗಳಿಂದಲೇ ಆರಂಭಿಸಿದನು.

ಈ ಕಡೆ, ಆಸವದ ಕೊಡವು ಮನೆಯಿಂದ ಪೂರ್ತಿಯಾಗಿ ಹೊರಟುಹೋದುದು ಸರಕಾರದ ಕಾಯಿದೆಯಿಂದ. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ 1878ರ ಮುಂಬಯಿ ಅಬಕಾರಿ ಕಾಯಿದೆಯು ಇಲ್ಲಿ ಜಾರಿಗೆ ಬಂದಿತು. ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದೂ ಮರದಿಂದ ಕಳ್ಳನ್ನಿಳಿಸುವುದೂ ಅಪರಾಧಗಳಾದುವು. ಕೌಟಿಲ್ಯನು ಕುಟುಂಬಿಗಳಿಗೆ ಉಳಿಸಿದ್ದ ಅವಕಾಶವು ಉಳಿಯಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲಿಯೂ ತಯಾರಿಕೆಗೆ ಪರವಾನಗಿಯು ಬೇಕೇ ಬೇಕು. 2007ನೆಯ ಜುಲೈ 1ರಿಂದ ಸಾರಾಯಿಯ ಮಾರಾಟವೇ ನಿಂತುಹೋಯಿತು. ಅದರಿಂದ ಹಾಳಾಗುತ್ತಿದ್ದ ಬಡವರ ಮನೆಗಳ ಹೆಂಗಸರು ಅದಕ್ಕಾಗಿ ಹೋರಾಡಿದುದನ್ನು ಮರೆತು, ಹಳೆಯ ಕೊಡಕ್ಕಾಗಿ ಮರುಗುವುದು ವಿದ್ವಾಂಸರಿಗೆ ತಕ್ಕುದಲ್ಲ. ಚರಕನು ಎಣಿಸಿದ 84 ಆಸವಗಳು, ಧಾನ್ಯದಿಂದ 6, ಹಣ್ಣಿನಿಂದ 26, ಬೇರಿನಿಂದ 11, ಸಾರದಿಂದ 20, ಹೂವಿನಿಂದ 10, ಕಾಂಡದಿಂದ 4, ಎಲೆಯಿಂದ 2, ತೊಗಟೆಯಿಂದ 4, ಸಕ್ಕರೆಯಿಂದ 1, ಇವುಗಳ ಪರಂಪರೆಯು ಇಂದು ವೈದ್ಯಶಾಲೆಗಳ ಸೀಸೆಗಳಲ್ಲಿ ದ್ರಾಕ್ಷಾರಿಷ್ಟ, ಕುಮಾರ್ಯಾಸವ ಮೊದಲಾದ ಹೆಸರುಗಳಿಂದ ಉಳಿದುಕೊಂಡಿದೆ. ಕುಟುಂಬಿಗೆ ಕೌಟಿಲ್ಯನು ಕೊಟ್ಟ ಎರಡು ಕಾರಣಗಳಲ್ಲಿ ಶುಭಕಾರ್ಯವು ಹೋಗಿ ಔಷಧವು ನಿಂತಿತು.

ಇದರಲ್ಲಿ ಒಂದು ವಿಚಿತ್ರವುಂಟು. ಅಂಗಡಿಯಿಂದ ತಂದ ಮದ್ಯಕ್ಕೆ ನಿಂಬೆ ಸಕ್ಕರೆಗಳನ್ನು ಮನೆಯಲ್ಲಿ ಬೆರಸುವವನನ್ನು ಈಗಿನ ಕಾಯಿದೆಯು ತಯಾರಕನೆಂದು ಹಿಡಿಯುವುದಿಲ್ಲ. ಬೇಲದ ಹಣ್ಣನ್ನೂ ಬೆಲ್ಲವನ್ನೂ ಕೊಡದಲ್ಲಿಟ್ಟು ಮದ್ಯವಾಗುವಂತೆ ಹುದುಗುಬರಿಸಿದವನನ್ನು ಹಿಡಿಯುವುದು. ಬೆರಸುವಿಕೆಯು ನಿರ್ದೋಷ, ಸಂಧಾನವು ಸದೋಷ. ಆಶಾಧರನು ವ್ರತಕ್ಕಾಗಿ ಎಳೆದ ಗೆರೆಯಲ್ಲಿಯೇ, ಅವನ ಹೆಸರನ್ನೂ ಕೇಳದ ಕಾಯಿದೆಕಾರರು ಸುಂಕಕ್ಕಾಗಿ ಬಂದು ನಿಂತಿರುವರು.

ಸವಣೂರಿನಲ್ಲಿ ದೊಡ್ಡಹುಣಸೆಯೆಂದು ಕರೆಯಲ್ಪಡುವ ಭಾರಿ ಮರಗಳುಂಟು. ಅವು ಹುಣಸೆಯ ಜಾತಿಯವಲ್ಲ. ಆಫ್ರಿಕ ಖಂಡದಿಂದ ಎಂದೋ ಬಂದ ಬಾವೊಬಾಬ್ ಮರಗಳು. ಅವುಗಳ ಕಾಯಿಯೊಳಗಿನ ಬಿಳಿಯ ಪುಡಿಯಂಥ ತಿರುಳು ಹುಳಿಯಾಗಿರುವುದರಿಂದಲೇ ಈ ಹೆಸರು. ಆಫ್ರಿಕದವರು ಆ ತಿರುಳನ್ನು ನೀರಿನಲ್ಲಿ ಕದಡಿ ಸಕ್ಕರೆ ಬೆರಸಿ ಕುಡಿಯುವರು. ಕಂಡರಿಯದ ಮರವೊಂದು ಊರಿಗೆ ಬಂದಾಗ ಈ ಸೀಮೆಯ ಜನರು ಅದರ ಗಾತ್ರಕ್ಕಿಂತ ಮೊದಲು ಹುಳಿಯನ್ನು ನಾಲಗೆಯ ಮೇಲಿಟ್ಟು ನೋಡಿ, ತಾವು ಪಾನಕಕ್ಕೂ ಸಾರಿಗೂ ಬಳಸುವ ಹಣ್ಣಿನ ಹೆಸರನ್ನೇ ಅದಕ್ಕೂ ಇಟ್ಟರು.